ಲೈಮ್ ವರದಿ ಹೇಳದೆ ಬಿಡುವ ಮಾತು

ಅಮೆರಿಕದ ವರ್ಜೀನಿಯಾ ರಾಜ್ಯ 2013ರಲ್ಲಿ ಅಪರೂಪದ ಒಂದು ಕಾನೂನು ಮಾಡಿತು. ಉಣುಗಿನಿಂದ ಹರಡುವ ಲೈಮ್ ರೋಗದ ರಕ್ತಪರೀಕ್ಷೆ ಮಾಡಿಸುವ ವೈದ್ಯರು ರೋಗಿಯ ಕೈಗೆ ಲಿಖಿತ ಸೂಚನೆಯೊಂದನ್ನೂ ಕೊಡಬೇಕೆಂದು ಅದು ವಿಧಿಸಿತು. ಈ ಪರೀಕ್ಷೆಗಳು ತಪ್ಪಬಹುದು, ನೆಗೆಟಿವ್ ಬಂದ ಮಾತ್ರಕ್ಕೆ ರೋಗ ಇಲ್ಲವೆಂದು ತಿಳಿಯಬಾರದು ಎಂದು ಆ ಸೂಚನೆಯಲ್ಲಿ ಬರೆದಿರಬೇಕಿತ್ತು. ಮೂರು ವರ್ಷ ಕಳೆದ ಮೇಲೆ ಪಕ್ಕದ ಮೇರಿಲ್ಯಾಂಡ್ ಕೂಡ ಅಂಥದ್ದೇ ಕಾನೂನು ತಂದಿತು. ರಕ್ತ ಕೊಟ್ಟು ಬಂದವರಿಗೆ ವರದಿಯನ್ನು ಪೂರ್ತಿ ನಂಬಬೇಡಿ ಎಂದು ಸರ್ಕಾರವೇ ಹೇಳಬೇಕಾಗಿ ಬಂದ ಪರೀಕ್ಷೆಗಳು ವೈದ್ಯಲೋಕದಲ್ಲಿ ಹೆಚ್ಚಿಲ್ಲ.

ಆ ಸೂಚನೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ರೋಗಿಗೆ ಬೇಕಾದದ್ದು ಅಷ್ಟೇ ಅಲ್ಲ. ಅದು ಅನುಮಾನ ಹುಟ್ಟಿಸುತ್ತದೆ, ಅನುಮಾನವನ್ನು ತೂಗಿ ನೋಡುವ ದಾರಿ ತೋರಿಸುವುದಿಲ್ಲ. ಯಾವ ನೆಗೆಟಿವ್ ಅನ್ನು ನಂಬಬಹುದು, ಯಾವುದನ್ನು ನಂಬಬಾರದು? ಪಾಸಿಟಿವ್ ಬಂದರೆ ಅದಕ್ಕೆಷ್ಟು ಬೆಲೆ? ಇದಕ್ಕೆ ಉತ್ತರ ಇದೆ. ಅದನ್ನು ರೋಗಿಗೆ ಬಿಡಿಸಿ ಹೇಳುವವರು ಮಾತ್ರ ಕಡಿಮೆ. ಲೈಮ್ ಸುತ್ತ ಬೆಳೆದಿರುವ ಗೊಂದಲ, ಕೋಪ ಮತ್ತು ವ್ಯಾಪಾರದ ಬಹುಪಾಲು ಈ ಕೊರತೆಯಿಂದ ಹುಟ್ಟಿದ್ದು.

ರೋಗದ ಕಥೆಯೇ ನಂಬಿಕೆ ಮತ್ತು ಅಪನಂಬಿಕೆಯಿಂದ ಶುರುವಾಗುತ್ತದೆ. ಕನೆಕ್ಟಿಕಟ್ ರಾಜ್ಯದ ಓಲ್ಡ್ ಲೈಮ್ ಆಗ ಸುಮಾರು 5,000 ಜನರ ಊರು. 1975ರಲ್ಲಿ ಅಲ್ಲಿನ ತಾಯಿಯೊಬ್ಬರು ರಾಜ್ಯದ ಆರೋಗ್ಯ ಇಲಾಖೆಗೆ ದೂರು ಕೊಟ್ಟರು. ಊರಿನ 12 ಮಕ್ಕಳಿಗೆ ಕೀಲುವಾತ ಎಂದು ವೈದ್ಯರು ಹೇಳಿದ್ದರು. ಅಷ್ಟು ಸಣ್ಣ ಊರಿನಲ್ಲಿ ಅಷ್ಟು ಮಕ್ಕಳಿಗೆ ಒಂದೇ ಕಾಯಿಲೆ ಬರುವುದು ಹೇಗೆ ಎಂಬುದು ಅವರ ಪ್ರಶ್ನೆ. ಅದೇ ಸಮಯಕ್ಕೆ ಪಾಲಿ ಮರ್ರಿ ಎಂಬ ಇನ್ನೊಬ್ಬ ತಾಯಿ ಯೇಲ್ ವಿಶ್ವವಿದ್ಯಾಲಯದ ಬಾಗಿಲು ತಟ್ಟಿದರು. ಅವರ ಕುಟುಂಬ ವರ್ಷಗಳಿಂದ ದದ್ದು, ಜ್ವರ, ಕೀಲುನೋವಿನಲ್ಲಿ ನರಳುತ್ತಿತ್ತು. ಎಷ್ಟೋ ವೈದ್ಯರು ಅವರ ಮಾತನ್ನು ಮನಸ್ಸಿನ ಕಾಯಿಲೆ ಎಂದು ತಳ್ಳಿಹಾಕಿದ್ದರು. ಯೇಲ್‌ನ ಯುವ ವೈದ್ಯ ಅಲೆನ್ ಸ್ಟಿಯರ್ ಮತ್ತು ಸಂಗಡಿಗರು ಊರೂರು ಅಲೆದು ವಿಚಾರಿಸಿ, 39 ಮಕ್ಕಳೂ ಸೇರಿ 51 ಜನರಲ್ಲಿ ಈ ರೋಗ ಗುರುತಿಸಿ 1977ರಲ್ಲಿ ಪ್ರಕಟಿಸಿದರು. ರೋಗಕಾರಕ ಸಿಕ್ಕಿದ್ದು 1981ರಲ್ಲಿ. ಮೊಂಟಾನಾದ ಪ್ರಯೋಗಾಲಯದಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ನ್ಯೂಯಾರ್ಕ್‌ನ ಶೆಲ್ಟರ್ ಐಲ್ಯಾಂಡ್‌ನಿಂದ ಬಂದ ಉಣುಗುಗಳನ್ನು ಸೀಳಿ ನೋಡುವಾಗ ಸುರುಳಿ ಆಕಾರದ ಬ್ಯಾಕ್ಟೀರಿಯಾ ಕಂಡರು. ಅದಕ್ಕೆ ಅವರ ಹೆಸರೇ ಬಂತು: ಬೊರೇಲಿಯಾ ಬರ್ಗ್‌ಡಾರ್ಫೆರಿ.

ತಾಯಂದಿರು ಹೇಳಿದ್ದು ಸರಿಯಾಗಿತ್ತು, ಅನೇಕ ವೈದ್ಯರು ತಪ್ಪಿದ್ದರು. ಇಂದಿಗೂ ನೆಗೆಟಿವ್ ವರದಿ ಹಿಡಿದ ರೋಗಿ ವೈದ್ಯರನ್ನು ಅನುಮಾನದಿಂದ ನೋಡಿದರೆ ಅದರ ಹಿಂದೆ ಈ ಇತಿಹಾಸವಿದೆ.

ಪರೀಕ್ಷೆ ಏಕೆ ತಪ್ಪುತ್ತದೆ? ಬ್ಯಾಕ್ಟೀರಿಯಾವನ್ನೇ ನೇರವಾಗಿ ಹಿಡಿಯಲು ಆಗುವುದಿಲ್ಲ ಎಂಬುದು ಮೊದಲ ಕಾರಣ. ಅದು ಚರ್ಮ, ಕೀಲು, ನರಗಳ ಕಡೆಗೆ ಸರಿದುಹೋಗುತ್ತದೆ. ರಕ್ತದಲ್ಲಿ ಸಿಗುವುದು ತೀರ ಕಡಿಮೆ ಸಂಖ್ಯೆಯಲ್ಲಿ. ರಕ್ತದ ಪಿಸಿಆರ್ ಪರೀಕ್ಷೆ ಅದನ್ನು ಬಹಳ ಸಲ ಕಾಣದೆ ಬಿಡುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿ ನೋಡಲು ವಾರಗಟ್ಟಲೆ ಬೇಕು, ವಿಶೇಷ ದ್ರಾವಣ ಬೇಕು. ಹಾಗಾಗಿ ಲ್ಯಾಬ್‌ಗಳು ಹುಡುಕುವುದು ಬ್ಯಾಕ್ಟೀರಿಯಾದ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಪ್ರತಿಕಾಯ ತಯಾರಾಗಲು ದೇಹಕ್ಕೆ ಸಮಯ ಬೇಕು. ಒಮ್ಮೆ ತಯಾರಾದ ಮೇಲೆ ಅದು ಬೇಗ ಹೋಗುವುದೂ ಇಲ್ಲ. ಬೇಗ ಮಾಡಿದ ಪರೀಕ್ಷೆ ಇರುವ ರೋಗವನ್ನು ಇಲ್ಲ ಎನ್ನುತ್ತದೆ. ವರ್ಷಗಳ ನಂತರದ ಪರೀಕ್ಷೆ ಎಂದೋ ಗುಣವಾದ ರೋಗವನ್ನು ಈಗಲೂ ಇರುವಂತೆ ತೋರಿಸುತ್ತದೆ.

ಉಣುಗು ಕಚ್ಚಿದ ಮೂರರಿಂದ 30 ದಿನದೊಳಗೆ ಕಚ್ಚಿದ ಜಾಗದ ಸುತ್ತ ದಿನದಿನಕ್ಕೂ ಅಗಲವಾಗುವ ಕೆಂಪು ಕಲೆ ಏಳುತ್ತದೆ. ರೋಗಿಗಳಲ್ಲಿ ಸುಮಾರು 70ರಿಂದ 80 ಶೇಕಡಾ ಜನರಲ್ಲಿ ಇದು ಕಾಣುತ್ತದೆ. ಈ ಹಂತದಲ್ಲಿ ರಕ್ತಪರೀಕ್ಷೆ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ನೆಗೆಟಿವ್ ಬರುತ್ತದೆ. ಆದ್ದರಿಂದಲೇ ಬ್ರಿಟನ್ನಿನ 2018ರ ಮಾರ್ಗಸೂಚಿಯೂ ಅಮೆರಿಕದ ತಜ್ಞ ಸಂಘಗಳ 2020ರ ಮಾರ್ಗಸೂಚಿಯೂ ಒಂದೇ ಮಾತು ಹೇಳುತ್ತವೆ: ಲೈಮ್ ಇರುವ ಪ್ರದೇಶದಲ್ಲಿ ಓಡಾಡಿದವರಿಗೆ ಸ್ಪಷ್ಟವಾಗಿ ಅಂಥ ಕಲೆ ಎದ್ದಿದ್ದರೆ ರಕ್ತಪರೀಕ್ಷೆ ಬೇಡ, ಚಿಕಿತ್ಸೆ ಕೊಡಿ. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಯ ಹತ್ತು ದಿನಗಳ ಕೋರ್ಸ್ ಸಾಮಾನ್ಯವಾಗಿ ಸಾಕಾಗುತ್ತದೆ. ಹೀಗಿದ್ದೂ ಕಲೆಯನ್ನು ಕಣ್ಣಾರೆ ಕಂಡ ಮೇಲೆ ರಕ್ತ ಕಳಿಸಿ, ನೆಗೆಟಿವ್ ಬಂತೆಂದು ರೋಗಿಯನ್ನು ಮನೆಗೆ ಕಳಿಸುವುದು ನಡೆಯುತ್ತದೆ. ಇದು ಪರೀಕ್ಷೆಯ ದೋಷವಲ್ಲ. ಕೇಳಬಾರದ ಹೊತ್ತಿನಲ್ಲಿ ಕೇಳಿದ ಪ್ರಶ್ನೆಯ ದೋಷ.

ಇನ್ನೊಂದು ಸಂಗತಿ ನಮ್ಮವರಿಗೆ ನೇರವಾಗಿ ತಟ್ಟುತ್ತದೆ. ಪಠ್ಯಪುಸ್ತಕಗಳಲ್ಲಿ ಇರುವ ಆ ಕಲೆಯ ಚಿತ್ರಗಳು ಬಹುಪಾಲು ಬಿಳಿಯರ ಚರ್ಮದ ಮೇಲಿನವು. ಕಂದು, ಕಪ್ಪು ಮೈಬಣ್ಣದಲ್ಲಿ ಅದು ಕೆಂಪಾಗಿ ಎದ್ದು ಕಾಣುವುದಿಲ್ಲ. ಮಾಸಲು, ನೇರಳೆ ಛಾಯೆಯಲ್ಲಿ ಅಡಗಿರುತ್ತದೆ. ನಡುವೆ ಚುಕ್ಕೆ, ಸುತ್ತ ಬಳೆಯಂಥ ಉಂಗುರ ಇದ್ದರಷ್ಟೇ ಲೈಮ್ ಎಂಬ ಪ್ರಚಾರವೂ ಪೂರ್ತಿ ಸರಿಯಲ್ಲ. ಒಂದೇ ಸಮ ಬಣ್ಣದ ಕಲೆಯೇ ಹೆಚ್ಚು. ಕಣ್ಣಿಗೆ ಬೀಳಬೇಕಾದ ಗುರುತು ತಪ್ಪಿಹೋದಾಗ ಎಲ್ಲ ಭಾರ ರಕ್ತಪರೀಕ್ಷೆಯ ಮೇಲೆ ಬೀಳುತ್ತದೆ, ಅದೂ ಅದು ಅತ್ಯಂತ ದುರ್ಬಲವಾಗಿರುವ ವಾರಗಳಲ್ಲಿ.

ತಡವಾದರೆ ಬೆಲೆ ದೊಡ್ಡದು. 2012ರ ನವೆಂಬರ್‌ನಿಂದ 2013ರ ಜುಲೈವರೆಗೆ ಅಮೆರಿಕದಲ್ಲಿ ಲೈಮ್ ಹೃದಯಕ್ಕೆ ತಗುಲಿ ಮೂವರು ಹಠಾತ್ತನೆ ತೀರಿಕೊಂಡದ್ದನ್ನು ಸಿಡಿಸಿ ಎಂದೇ ಹೆಸರಾದ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ವರದಿ ಮಾಡಿತು. ಮೂವರೂ 26ರಿಂದ 38 ವಯಸ್ಸಿನವರು. ಒಬ್ಬರ ಹೃದಯವನ್ನು ಅಂಗಾಂಶ ಬ್ಯಾಂಕಿನಲ್ಲಿ ಪರೀಕ್ಷಿಸುವಾಗ ಸೋಂಕಿನ ಕುರುಹು ಕಂಡದ್ದರಿಂದ ವಿಷಯ ಹೊರಬಂತು. ಇಂಥ ಸಾವು ಬಹಳ ಅಪರೂಪ. ಆದರೂ ಮಾತ್ರೆಗೆ ಬಗ್ಗುವ ರೋಗದಲ್ಲಿ ಒಂದು ಸಾವೂ ಸಣ್ಣದಲ್ಲ.

ಸಮಯ ಸರಿದಂತೆ ಪರೀಕ್ಷೆ ಗಟ್ಟಿಯಾಗುತ್ತದೆ. ನಾಲ್ಕರಿಂದ ಆರು ವಾರ ಕಳೆದ ಮೇಲೆ ಹೆಚ್ಚಿನ ರೋಗಿಗಳಲ್ಲಿ ಪ್ರತಿಕಾಯ ಕಾಣುತ್ತದೆ. ತಿಂಗಳುಗಳ ನಂತರ ಮಂಡಿ ಊದಿಕೊಂಡು ಬರುವವರಲ್ಲಿ ಬಹುತೇಕ ಎಲ್ಲರದೂ ಪಾಸಿಟಿವ್. ಹಾಗಾಗಿ ವರ್ಷದಿಂದ ಲೈಮ್ ಕೀಲುನೋವು ಇದೆ ಎನ್ನುವವರ ಸರಿಯಾದ ಪರೀಕ್ಷೆ ನೆಗೆಟಿವ್ ಬಂದರೆ ಆ ನೆಗೆಟಿವ್ ಅನ್ನು ಗಂಭೀರವಾಗಿ ತೆಗೆದುಕೊಳ್ಳಲೇಬೇಕು. ನೋವಿಗೆ ಬೇರೆ ಕಾರಣ ಹುಡುಕಬೇಕು. ಒಂದು ಅಪವಾದ: ಮೊದಲ ದಿನಗಳಲ್ಲೇ ಆಂಟಿಬಯಾಟಿಕ್ ತೆಗೆದುಕೊಂಡು ಗುಣವಾದವರಲ್ಲಿ ಪ್ರತಿಕಾಯ ಮೂಡದೆಯೇ ಇರಬಹುದು.

ಈಗ ಪಾಸಿಟಿವ್‌ನ ಕಡೆ. 1994ರ ಅಕ್ಟೋಬರ್‌ನಲ್ಲಿ ಮಿಷಿಗನ್‌ನ ಡಿಯರ್‌ಬಾರ್ನ್‌ನಲ್ಲಿ ತಜ್ಞರು ಸೇರಿ ಎರಡು ಹಂತದ ಪರೀಕ್ಷೆಯನ್ನು ಒಪ್ಪಿಕೊಂಡರು. ಮೊದಲು ಎಲೈಸಾ ಎಂಬ ಪ್ರತಿಕಾಯ ಪರೀಕ್ಷೆ. ಅದರಲ್ಲಿ ಪಾಸಿಟಿವ್ ಅಥವಾ ಅಸ್ಪಷ್ಟ ಎಂದು ಬಂದ ರಕ್ತಕ್ಕೆ ಮಾತ್ರ ವೆಸ್ಟರ್ನ್ ಬ್ಲಾಟ್. ಇದರಲ್ಲಿ ಬ್ಯಾಕ್ಟೀರಿಯಾದ ಪ್ರೋಟೀನ್‌ಗಳನ್ನು ತೂಕಕ್ಕೆ ತಕ್ಕಂತೆ ಪಟ್ಟಿಯ ಮೇಲೆ ಹರಡಿರುತ್ತಾರೆ. ರೋಗಿಯ ಪ್ರತಿಕಾಯ ಯಾವುದಕ್ಕೆ ಅಂಟಿತೋ ಅಲ್ಲಿ ಗೆರೆ ಮೂಡುತ್ತದೆ. ಐಜಿಎಂ ಎಂಬ ಮೊದಲ ಪ್ರತಿಕಾಯಕ್ಕೆ ಮೂರರಲ್ಲಿ ಎರಡು ಗೆರೆ, ನಂತರ ಬರುವ ಐಜಿಜಿಗೆ ಹತ್ತರಲ್ಲಿ ಐದು ಗೆರೆ ಇದ್ದರೆ ಪಾಸಿಟಿವ್ ಎಂದು ನಿಯಮವಾಯಿತು. ಐಜಿಎಂ ಫಲಿತಾಂಶವನ್ನು ಕಾಯಿಲೆಯ ಮೊದಲ ತಿಂಗಳಲ್ಲಿ ಮಾತ್ರ ಲೆಕ್ಕಕ್ಕೆ ಹಿಡಿಯಬೇಕು ಎಂಬ ಷರತ್ತೂ ಸೇರಿತು.

ಈ ಷರತ್ತನ್ನು ಮರೆಯುವುದರಿಂದ ಆಗುವ ಅನಾಹುತ ದೊಡ್ಡದು. ಐಜಿಎಂ ಸುಲಭವಾಗಿ ತಪ್ಪು ಗೆರೆ ತೋರಿಸುವ ಪ್ರತಿಕಾಯ. 41 ಎಂಬ ಗೆರೆಯ ಉದಾಹರಣೆ ನೋಡಿ. ಅದು ಬ್ಯಾಕ್ಟೀರಿಯಾದ ಬಾಲದ ಪ್ರೋಟೀನ್. ಬಾಲವಿರುವ ಇತರ ಎಷ್ಟೋ ಬ್ಯಾಕ್ಟೀರಿಯಾಗಳಲ್ಲಿ, ಬಾಯಿಯಲ್ಲಿ ನಿರುಪದ್ರವಿಯಾಗಿ ಬದುಕುವ ಸುರುಳಿ ಬ್ಯಾಕ್ಟೀರಿಯಾಗಳಲ್ಲೂ ಅಂಥದೇ ಪ್ರೋಟೀನ್ ಇದೆ. ಉಣುಗನ್ನೇ ಕಂಡರಿಯದ ಆರೋಗ್ಯವಂತರ ರಕ್ತದಲ್ಲೂ ಈ ಗೆರೆ ಸಾಮಾನ್ಯ. ಆದರೆ ಆರು ತಿಂಗಳಿಂದ ಸುಸ್ತು, ನಿದ್ದೆಯಿಲ್ಲ, ಮೈಕೈ ನೋವು ಎಂದು ಬಳಲಿದ ಮನುಷ್ಯನ ಕೈಗೆ ಒಂದೆರಡು ಗೆರೆಯ ಎದುರು ಪಾಸಿಟಿವ್ ಎಂದು ಬರೆದ ಕಾಗದ ಸಿಕ್ಕರೆ ಅವನಿಗೆ ಕೊನೆಗೂ ತನ್ನ ನೋವಿಗೊಂದು ಹೆಸರು ಸಿಕ್ಕಂತಾಗುತ್ತದೆ. ಕೆಳಗೆ ಒಟ್ಟು ಫಲಿತಾಂಶ ನೆಗೆಟಿವ್ ಎಂದಿದ್ದರೂ ಆ ಹೆಸರನ್ನು ಅವನಿಂದ ಕಿತ್ತುಕೊಳ್ಳುವುದು ಕಷ್ಟ. ಅವನನ್ನು ದೂರುವಂತಿಲ್ಲ. ಓದಲು ಬಾರದ ಕಾಗದವನ್ನು ಅರ್ಥ ಹೇಳದೆ ಕೈಗಿಟ್ಟವರನ್ನು ದೂರಬೇಕು.

ಊರು ಬದಲಾದರೆ ಪಾಸಿಟಿವ್‌ನ ಅರ್ಥವೂ ಬದಲಾಗುತ್ತದೆ. ಇದಕ್ಕೊಂದು ಸರಳ ಲೆಕ್ಕ ಸಾಕು. ಸೋಂಕಿದ್ದವರಲ್ಲಿ 90 ಶೇಕಡಾ ಜನರನ್ನು ಹಿಡಿಯುವ, ಸೋಂಕಿಲ್ಲದವರಲ್ಲಿ 98 ಶೇಕಡಾ ಜನರನ್ನು ಸರಿಯಾಗಿ ಬಿಡುವ ಪರೀಕ್ಷೆ ಇದೆ ಎಂದುಕೊಳ್ಳೋಣ. ಕನೆಕ್ಟಿಕಟ್‌ನಂಥ ಕಡೆ ಲಕ್ಷಣಗಳೂ ಇರುವ ಸಾವಿರ ಜನರನ್ನು ಪರೀಕ್ಷಿಸಿದರೆ, ಅವರಲ್ಲಿ 200 ಜನಕ್ಕೆ ನಿಜವಾಗಿ ರೋಗವಿದ್ದರೆ, 180 ನಿಜ ಪಾಸಿಟಿವ್, 16 ಸುಳ್ಳು ಪಾಸಿಟಿವ್ ಬರುತ್ತವೆ. ಪಾಸಿಟಿವ್ ಬಂದವರನ್ನು ನಂಬಬಹುದು. ಅದೇ ಪರೀಕ್ಷೆಯನ್ನು ಲೈಮ್ ಅಪರೂಪವಾಗಿರುವ ರಾಜ್ಯದಲ್ಲಿ ಬರೀ ಸುಸ್ತು ಎಂದವರಿಗೆಲ್ಲ ಮಾಡಿದರೆ, ಸಾವಿರದಲ್ಲಿ ಒಬ್ಬರಿಗೆ ರೋಗವಿದ್ದರೆ, ಸುಮಾರು 20 ಸುಳ್ಳು ಪಾಸಿಟಿವ್‌ಗಳ ನಡುವೆ ಒಂದು ನಿಜ ಕಳೆದುಹೋಗಿರುತ್ತದೆ. ಯಂತ್ರ ಅದೇ, ಕಿಟ್ ಅದೇ, ತಂತ್ರಜ್ಞರೂ ಅವರೇ. ಪರೀಕ್ಷೆಗೆ ಯಾರನ್ನು ಕಳಿಸಿದರು ಎಂಬುದಷ್ಟೇ ಬೇರೆ.

2008ರಲ್ಲಿ ಅಮೆರಿಕದ ಏಳು ದೊಡ್ಡ ಪ್ರಯೋಗಾಲಯಗಳು ಮಾಡಿದ ಲೈಮ್ ಪರೀಕ್ಷೆಗಳ ಸಂಖ್ಯೆ ಸುಮಾರು 34 ಲಕ್ಷ. ಮಾದರಿ ಕೊಟ್ಟವರಲ್ಲಿ ನಿಜವಾಗಿ ಸೋಂಕಿದ್ದವರು ಎಂಟರಲ್ಲಿ ಒಬ್ಬರಷ್ಟು ಎಂದು ಅದನ್ನು ಲೆಕ್ಕಹಾಕಿದ ಸಂಶೋಧಕರು ಅಂದಾಜಿಸಿದರು. ಅಷ್ಟು ಹಗುರವಾಗಿ ಬರೆದುಕೊಟ್ಟ ಪರೀಕ್ಷೆ ಸುಳ್ಳು ಪಾಸಿಟಿವ್‌ಗಳನ್ನು ಹುಟ್ಟಿಸದೆ ಇರಲು ಸಾಧ್ಯವೇ ಇಲ್ಲ.

ಆ ಸುಳ್ಳುಗಳಿಗೂ ಬಲಿಯಾದವರಿದ್ದಾರೆ. ದೀರ್ಘಕಾಲದ ಲೈಮ್ ಎಂದು ನಂಬಿ ಎರಡು ವರ್ಷಕ್ಕೂ ಹೆಚ್ಚು ಕಾಲ ರಕ್ತನಾಳಕ್ಕೆ ಆಂಟಿಬಯಾಟಿಕ್ ಹಾಕಿಸಿಕೊಂಡ 30 ವರ್ಷದ ಮಹಿಳೆಯೊಬ್ಬರು ಆ ಕೊಳವೆಗೆ ತಗುಲಿದ ಸೋಂಕಿನಿಂದಲೇ ತೀರಿಕೊಂಡದ್ದು 2000ದಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಯಿತು. 2017ರಲ್ಲಿ ಸಿಡಿಸಿ ಇದೇ ಬಗೆಯ ಚಿಕಿತ್ಸೆಯಿಂದ ಗಂಭೀರ ಸೋಂಕಿಗೆ ಒಳಗಾದ ಐವರ ವಿವರ ಪ್ರಕಟಿಸಿತು. ಕ್ಯಾನ್ಸರ್ ಬೆಳೆಯುತ್ತಿದ್ದರೂ ಲೈಮ್ ಎಂದುಕೊಂಡು ಕಾಲ ಕಳೆದ ರೋಗಿಗಳ ಪ್ರಕರಣಗಳು 2015ರಲ್ಲಿ ಪ್ರಕಟವಾದವು.

ಇವುಗಳ ಹಿಂದೆ ಒಂದು ವ್ಯಾಪಾರವಿದೆ. ಮಾನ್ಯ ಪರೀಕ್ಷೆ ನೆಗೆಟಿವ್ ಬಂತೇ, ನಮ್ಮ ವಿಶೇಷ ಪರೀಕ್ಷೆ ಮಾಡಿಸಿ ಎನ್ನುವ ಲ್ಯಾಬ್‌ಗಳು ತೊಂಬತ್ತರ ದಶಕದಿಂದಲೂ ಇವೆ. ಮೂತ್ರದಲ್ಲಿ ಬ್ಯಾಕ್ಟೀರಿಯಾದ ತುಣುಕು ಹುಡುಕುವ ಒಂದು ಪರೀಕ್ಷೆಯನ್ನು ಸಂಶೋಧಕರು ಆರೋಗ್ಯವಂತರ ಮೂತ್ರ ಕಳಿಸಿ ನೋಡಿದಾಗ ಅದರಲ್ಲೂ ಪಾಸಿಟಿವ್ ಬಂತು. ನಿಖರತೆ ಸಾಬೀತಾಗದ ಇಂಥ ಪರೀಕ್ಷೆಗಳ ಬಗ್ಗೆ ಸಿಡಿಸಿ 2005ರಲ್ಲಿ ಬಹಿರಂಗವಾಗಿ ಎಚ್ಚರಿಸಿತು. ಎಚ್ಚರಿಕೆ ಸಾಲದು. ಆರೋಗ್ಯವಂತರನ್ನೂ ರೋಗಿಗಳನ್ನೂ ಬೇರ್ಪಡಿಸಲಾಗದ ಪರೀಕ್ಷೆಯನ್ನು ನೊಂದವರಿಗೆ ಹಣಕ್ಕೆ ಮಾರುವುದನ್ನು ಯಾವ ಸರ್ಕಾರವೂ ಬಿಡಬಾರದು.

ಹಾಗೆಂದು ನೋವೇ ಇಲ್ಲ ಎನ್ನುವಂತಿಲ್ಲ. ಸರಿಯಾದ ಚಿಕಿತ್ಸೆ ಪಡೆದವರಲ್ಲೂ ಶೇಕಡಾ 5ರಿಂದ 10 ಜನರಿಗೆ ಸುಸ್ತು, ಮೈನೋವು, ಮಂಕು ತಿಂಗಳುಗಟ್ಟಲೆ ಉಳಿಯುತ್ತದೆ. ಅದು ನಿಜವಾದ ಯಾತನೆ. ಇನ್ನಷ್ಟು ಆಂಟಿಬಯಾಟಿಕ್ ಕೊಟ್ಟರೆ ಗುಣವಾಗುತ್ತದೆಯೇ ಎಂದು 2001ರಲ್ಲಿ ಪ್ರಕಟವಾದ ಅಮೆರಿಕದ, 2016ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ದೊಡ್ಡ ಪ್ರಯೋಗಗಳು ಪರೀಕ್ಷಿಸಿ ನೋಡಿದವು. ಉತ್ತರ ಇಲ್ಲ ಎಂದೇ ಬಂತು. ಇಲ್ಲೂ ರಕ್ತಪರೀಕ್ಷೆ ಕೈಕೊಡುತ್ತದೆ. ಗುಣವಾದ 10, 20 ವರ್ಷಗಳ ನಂತರವೂ ಕೆಲವರಲ್ಲಿ ಪ್ರತಿಕಾಯ ಉಳಿದಿರುವುದರಿಂದ ಪಾಸಿಟಿವ್ ಬಂದರೆ ರೋಗಾಣು ಇನ್ನೂ ಇದೆ ಎನ್ನಲಾಗದು. ವಾಸಿಯಾಯಿತೇ ಎಂದು ತಿಳಿಯಲು ಮತ್ತೆ ಮತ್ತೆ ಪರೀಕ್ಷೆ ಮಾಡಿಸುವುದರಲ್ಲಿ ಅರ್ಥವಿಲ್ಲ. ಈ ರೋಗಿಗಳಿಗೆ ಬೇಕಾದದ್ದು ಅವರ ಮಾತು ನಂಬಿ, ನೋವು ನಿದ್ದೆ ನಡಿಗೆಗಳ ಬಗ್ಗೆ ಸಮಯ ಕೊಟ್ಟು ನೋಡಿಕೊಳ್ಳುವ ವೈದ್ಯರು. ಹಾಗೆ ನೋಡಿಕೊಳ್ಳಲು ಪಾಸಿಟಿವ್ ಗೆರೆಯ ಅನುಮತಿ ಬೇಕಾಗಬಾರದು.

ಪರೀಕ್ಷೆ ಸುಧಾರಿಸುತ್ತಿಲ್ಲವೆಂದಲ್ಲ. ವೆಸ್ಟರ್ನ್ ಬ್ಲಾಟ್‌ನ ಬದಲು ಇನ್ನೊಂದು ಬಗೆಯ ಎಲೈಸಾವನ್ನೇ ಎರಡನೇ ಹಂತವಾಗಿ ಬಳಸುವ ಕ್ರಮಕ್ಕೆ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿತು. ಮಸುಕು ಗೆರೆಯನ್ನು ಕಣ್ಣಳತೆಯಲ್ಲಿ ಓದುವ ಗೋಜು ತಪ್ಪಿತು, ಆರಂಭದ ವಾರಗಳಲ್ಲಿ ಸ್ವಲ್ಪ ಹೆಚ್ಚು ರೋಗಿಗಳು ಸಿಗುವಂತಾಯಿತು. ಆದರೂ ಇದು ಪ್ರತಿಕಾಯದ ಪರೀಕ್ಷೆಯೇ. ಮೊದಲ ವಾರದ ಕುರುಡು ಹಾಗೇ ಉಳಿದಿದೆ.

ಕರ್ನಾಟಕದ ಓದುಗರಿಗೆ ಇದು ದೂರದ ಮಾತೆನಿಸಬಹುದು. ಆದರೆ ಇದೇ ತಪ್ಪು ನಮ್ಮ ಬಡಾವಣೆಗಳ ಲ್ಯಾಬ್‌ಗಳಲ್ಲಿ ವಿಡಾಲ್ ಹೆಸರಿನಲ್ಲಿ ನಡೆಯುತ್ತಿದೆ. ಟೈಫಾಯಿಡ್ ಪತ್ತೆಗೆಂದು 1896ರಲ್ಲಿ ಬಂದ ಆ ಪರೀಕ್ಷೆಯೂ ಪ್ರತಿಕಾಯವನ್ನೇ ನೋಡುತ್ತದೆ. ಜ್ವರ ಬಂದ ಮೊದಲ ದಿನಗಳಲ್ಲಿ ಅದು ನಿಜವಾದ ಟೈಫಾಯಿಡ್ಡನ್ನು ತಪ್ಪಿಸಬಲ್ಲದು. ಹಿಂದೆಂದೋ ಟೈಫಾಯಿಡ್ ಬಂದು ಹೋದವರಲ್ಲಿ, ಲಸಿಕೆ ಹಾಕಿಸಿಕೊಂಡವರಲ್ಲಿ ಇಲ್ಲದ ರೋಗವನ್ನು ತೋರಿಸಬಲ್ಲದು. ಒಂದೇ ಸಲದ ವಿಡಾಲ್ ನೋಡಿ ಆಂಟಿಬಯಾಟಿಕ್ ನುಂಗಿದ ಜನ ನಮ್ಮ ಪ್ರತಿ ಬೀದಿಯಲ್ಲೂ ಇದ್ದಾರೆ. ಹೆಚ್ಚು ಖಚಿತ ಉತ್ತರ ಕೊಡುವ ಬ್ಲಡ್ ಕಲ್ಚರ್ ಮಾಡಿಸಿದವರು ಅಪರೂಪ.

ಸರಿಯಾದ ದಾರಿಯ ಉದಾಹರಣೆಯೂ ನಮ್ಮಲ್ಲೇ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಕೂಡ ಉಣುಗಿನಿಂದ ಹರಡುವಂಥದು, ವೈರಸ್ಸಿನದು. ಅದರಲ್ಲಿ ಜ್ವರ ಎಷ್ಟನೇ ದಿನದ್ದು ಎಂದು ಕೇಳಿ ಪರೀಕ್ಷೆ ಆರಿಸುತ್ತಾರೆ. ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್, ದಿನ ಕಳೆದ ಮೇಲೆ ಐಜಿಎಂ ಎಲೈಸಾ. ಕಾಡಿನಂಚಿನ ಊರಿನವರೇ, ಸುತ್ತಮುತ್ತ ಮಂಗ ಸತ್ತಿತ್ತೇ ಎಂಬ ಪ್ರಶ್ನೆಗಳೂ ಜೊತೆಗೇ ಬರುತ್ತವೆ. ದಿನ ಮತ್ತು ಜಾಗ ಗೊತ್ತಿಲ್ಲದೆ ವರದಿ ಓದಲಾಗದು ಎಂಬುದನ್ನು ಮಲೆನಾಡಿನ ಆರೋಗ್ಯ ಸಿಬ್ಬಂದಿ ಎಂದೋ ಕಲಿತಿದ್ದಾರೆ.

ಲೈಮ್ ಇನ್ನೊಂದು ದಾರಿಯಿಂದಲೂ ಕನ್ನಡಿಗರ ಮನೆಗೆ ಬರುತ್ತದೆ. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ಕನೆಕ್ಟಿಕಟ್‌ಗಳಲ್ಲಿ ನಮ್ಮವರು ಬಹಳ ಇದ್ದಾರೆ. ಅವು ಲೈಮ್ ದಟ್ಟವಾಗಿರುವ ರಾಜ್ಯಗಳು. 2023ರಲ್ಲಿ ಅಮೆರಿಕದಲ್ಲಿ ವರದಿಯಾದ ಲೈಮ್ ಪ್ರಕರಣಗಳು 89,000 ದಾಟಿದವು. ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಿಕೊಳ್ಳಲಿಕ್ಕೋ ಬೇಸಿಗೆಯಲ್ಲಿ ಅಲ್ಲಿಗೆ ಹೋಗುವ ಅಪ್ಪ ಅಮ್ಮಂದಿರು ಸಂಜೆ ನಡೆಯುವುದು ಮನೆ ಹಿಂದಿನ ಹುಲ್ಲು, ಮರಗಳ ನಡುವೆ. ಗಸಗಸೆ ಕಾಳಿನಷ್ಟಿರುವ ಮರಿ ಉಣುಗು ಹೆಚ್ಚಾಗಿ ಕಚ್ಚುವುದು ಅದೇ ತಿಂಗಳುಗಳಲ್ಲಿ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಊರಿಗೆ ಮರಳಿದ ಮೇಲೆ ಜ್ವರವೋ, ಮುಖದ ಒಂದು ಪಕ್ಕ ಸೋಲುವುದೋ, ಮಂಡಿ ಊತವೋ ಬಂದರೆ ಇಲ್ಲಿನ ವೈದ್ಯರ ಮನಸ್ಸಿಗೆ ಲೈಮ್ ಹೊಳೆಯುವುದು ಕಷ್ಟ. ಎಲ್ಲಿಗೆ ಹೋಗಿದ್ದಿರಿ ಎಂದು ಅವರು ಕೇಳಬೇಕು. ಕೇಳದಿದ್ದರೆ ರೋಗಿಯೇ ಹೇಳಬೇಕು.

ಮಾಡಬೇಕಾದ್ದು ದುಬಾರಿಯಲ್ಲ. ಪರೀಕ್ಷೆ ಬರೆದುಕೊಡುವ ಹಾಳೆಯಲ್ಲಿ ಲಕ್ಷಣ ಶುರುವಾದ ದಿನ, ರೋಗಿ ಓಡಾಡಿದ ಪ್ರದೇಶ ಈ ಎರಡು ಕಡ್ಡಾಯವಾಗಬೇಕು. ಲ್ಯಾಬ್ ಅದನ್ನು ನೋಡಿ ವರದಿಯ ಕೆಳಗೆ ಒಂದೆರಡು ಸಾಲು ಬರೆಯಬೇಕು: ಇದು ತೀರ ಬೇಗ ತೆಗೆದ ರಕ್ತ, ನಾಲ್ಕರಿಂದ ಆರು ವಾರದ ನಂತರ ಮತ್ತೆ ಮಾಡಿಸಿ, ಅಥವಾ ಇದು ಒಂಟಿ ಐಜಿಎಂ, ಕಾಯಿಲೆ ತಿಂಗಳು ದಾಟಿರುವುದರಿಂದ ಇದಕ್ಕೆ ಬೆಲೆ ಇಲ್ಲ. ಬಿಡಿ ಗೆರೆಗಳ ಎದುರು ಪಾಸಿಟಿವ್ ಎಂದು ಮುದ್ರಿಸಿ ರೋಗಿಗೆ ಕೊಡುವುದು ನಿಲ್ಲಬೇಕು. ವರ್ಜೀನಿಯಾದ ಶಾಸಕರು ಸಾಮಾನ್ಯ ಎಚ್ಚರಿಕೆಯ ಬದಲು ಇದನ್ನು ಕಾನೂನಾಗಿಸಿದ್ದರೆ ಹೆಚ್ಚು ಜನರಿಗೆ ಉಪಕಾರವಾಗುತ್ತಿತ್ತು.

ಅಮೆರಿಕ, ಯುರೋಪಿನ ಹಸಿರು ಪ್ರದೇಶಗಳಿಗೆ ಹೋಗಿಬರುವ ಕನ್ನಡಿಗರು ದಿನವೂ ಸಂಜೆ ಮೈ ನೋಡಿಕೊಳ್ಳಿ. ಉಣುಗು ಕಂಡರೆ ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆದು ತೆಗೆಯಿರಿ, ಆ ದಿನಾಂಕ ಬರೆದಿಡಿ. ಕಲೆ ಎದ್ದರೆ ದಿನಕ್ಕೊಂದು ಫೋಟೊ ತೆಗೆದಿಟ್ಟು ವೈದ್ಯರಿಗೆ ತೋರಿಸಿ. ಕಲೆ ಎದ್ದ ವಾರದಲ್ಲೇ ರಕ್ತಪರೀಕ್ಷೆ ನೆಗೆಟಿವ್ ಬಂತೆಂದು ಚಿಕಿತ್ಸೆ ನಿರಾಕರಿಸಿದರೆ ಇನ್ನೊಬ್ಬ ವೈದ್ಯರನ್ನು ಕಾಣಿ.